ಮೊಸರನ್ನಕ್ಕೆ ಆರು ಅಂಕ

ನಂದೀಶ, ಚಿನ್ಮಯಿ,

ನಾನು ಅಮೆರಿಕದಿಂದ ಬಂದ ದಿನ ನೀವಿಬ್ಬರೂ ನನ್ನ ಪೆಟ್ಟಿಗೆಯ ಸುತ್ತ ಕೂತು, "ಅಜ್ಜಿ, ಅಲ್ಲಿ ಹೇಗಿತ್ತು?" ಎಂದು ಕೇಳಿದಿರಿ. "ಚೆನ್ನಾಗಿತ್ತು" ಎಂದು ಹೇಳಿ ನಾನು ಕೈಕಾಲು ತೊಳೆಯಲು ಹೋದೆ. ಅದು ಪೂರ್ತಿ ನಿಜವಲ್ಲ. ಸಿಟ್ಟು ಬಂದರೆ ನನಗೆ ಮಾತು ಬರುವುದಿಲ್ಲ, ಗಂಟಲು ಕಟ್ಟುತ್ತದೆ. ಬರೆಯುವುದಕ್ಕೆ ಗಂಟಲು ಬೇಡ. ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ.

ನಂದೀಶ, ಹೋದ ಶನಿವಾರ ಸಂಜೆ ನೀನು ಆ ಇಂಗ್ಲೆಂಡಿನ ಕ್ಲಬ್ಬಿನ ಜರ್ಸಿ ಹಾಕಿಕೊಂಡು ಟಿವಿಯ ಮುಂದೆ ಕುಣಿಯುತ್ತಿದ್ದಾಗ ನಾನು ಎದ್ದು ಒಳಗೆ ಹೋದೆ. "ಅಜ್ಜಿಗೆ ಫುಟ್‌ಬಾಲ್ ಅರ್ಥ ಆಗಲ್ಲ ಕಣೇ" ಎಂದು ನೀನು ಚಿನ್ಮಯಿಗೆ ಹೇಳಿದ್ದು ಕೇಳಿಸಿತು. ಅರ್ಥವಾಗುತ್ತದೆ ಮರಿ. ನಿನಗಿಂತ ಸ್ವಲ್ಪ ಹೆಚ್ಚೇ ಅರ್ಥವಾಗಿದೆ, ಅದಕ್ಕೇ ಎದ್ದು ಹೋದದ್ದು.

ಸ್ಟರ್ಲಿಂಗ್

ಶ್ರೀಪತಿ ನಿಮ್ಮ ತಾತನ ಕೊನೆಯ ತಮ್ಮ. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಎಂಟು ವರ್ಷ. ನಮ್ಮತ್ತೆಗೆ ಆಗಲೇ ಕಣ್ಣು ಮಂಜಾಗಿತ್ತು. ಅವನ ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ನಾನು. ಈಗ ಅವನಿಗೆ ಐವತ್ತು ದಾಟಿದೆ. ಅವನಿರುವ ಅಮೆರಿಕದ ಸ್ಟರ್ಲಿಂಗಿನಲ್ಲಿ ಕಿಟಕಿಯೇ ಇಲ್ಲದ ಉದ್ದುದ್ದ ಕಟ್ಟಡಗಳಿವೆ, ಅವುಗಳ ತುಂಬ ಕಂಪ್ಯೂಟರುಗಳು. ಅವು ಕಾಯದಂತೆ ತಣ್ಣಗಿಡುವ ಯಂತ್ರಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ನಿಮ್ಮ ತಾತ ತೀರಿಕೊಂಡ ಎರಡನೇ ವರ್ಷ, "ಅತ್ತಿಗೆ, ಒಂದ್ ಮೂರು ತಿಂಗಳು ಬಂದು ಇದ್ದು ಹೋಗಿ" ಎಂದು ಟಿಕೆಟ್ಟು ಕಳಿಸಿದ.

ಅವನ ಮನೆಯೂ ಅವನ ಯಂತ್ರಗಳಂತೆಯೇ ತಣ್ಣಗಿತ್ತು. ಹೆಪ್ಪು ಹಾಕಿದ ಹಾಲು ಎರಡು ದಿನವಾದರೂ ಹಾಲಾಗಿಯೇ ಉಳಿಯಿತು. ಕೊನೆಗೆ ಅವನ ಹೆಂಡತಿ ಗಿರಿಜೆ ಓವನ್ನಿನೊಳಗೆ ಪಾತ್ರೆ ಇಟ್ಟು, ಅದರ ದೀಪವೊಂದನ್ನೇ ಹಾಕಿ, ಆ ಶಾಖದಲ್ಲಿ ಮೊಸರು ಮಾಡುವುದನ್ನು ತೋರಿಸಿದಳು. ಒಂದು ಮಧ್ಯಾಹ್ನ ನಾನು ಒಬ್ಬಳೇ ರಸ್ತೆಯ ಅಂಚಿನಲ್ಲಿ ನಡೆದು ಹೊರಟೆ. ಐದು ನಿಮಿಷದಲ್ಲಿ ಎರಡು ಕಾರು ನಿಂತವು. ಎರಡರಲ್ಲೂ ಹೆಂಗಸರು, ಇಬ್ಬರೂ ಏನೋ ಕೇಳಿದರು. ಸಹಾಯ ಬೇಕೇ ಎಂದು ಕೇಳಿದ್ದಂತೆ, ಆಮೇಲೆ ಶ್ರೀಪತಿ ಹೇಳಿದ. ಅಲ್ಲಿ ನಡೆದು ಹೋಗುತ್ತಿರುವವರಿಗೆ ಏನೋ ತೊಂದರೆಯಾಗಿರಬೇಕು ಎಂದೇ ಲೆಕ್ಕ. ಒಳ್ಳೆಯ ಜನ, ಆದರೆ ಅದಾದ ಮೇಲೆ ನಾನು ಹೊರಗೆ ಹೋಗಲಿಲ್ಲ.

ಇಂಗ್ಲೆಂಡಿನಲ್ಲಿ ಮಧ್ಯಾಹ್ನವಾದಾಗ ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಶನಿವಾರ ಬಂತೆಂದರೆ ಶ್ರೀಪತಿ ತಾನೇ ಕಾಫಿ ಮಾಡಿಕೊಂಡು ಫುಟ್‌ಬಾಲ್ ನೋಡಲು ಕೂರುತ್ತಿದ್ದ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಪಕ್ಕದಲ್ಲಿ ಕೂರುತ್ತಿದ್ದೆ. ಆಟ ನನಗೆ ಹೊಸದಲ್ಲ. ಹತ್ತೊಂಬತ್ತು ವರ್ಷ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ್ದೇನೆ. ಪಾತ್ರೆ ತೊಳೆಯುತ್ತಾ ಮಕ್ಕಳು ಚೆಂಡು ಒದೆಯುವುದನ್ನು ದಿನವೂ ನೋಡಿದ್ದೇನೆ.

ಆ ದಿನ ಆಡುತ್ತಿದ್ದ ತಂಡಗಳಲ್ಲಿ ಒಂದು ಸಣ್ಣ ಊರಿನದು. ಗೆದ್ದು ಸಂಪಾದಿಸಿದ ಅಂಕಗಳಲ್ಲಿ ಕೆಲವನ್ನು ಆ ವರ್ಷ ಅದರಿಂದ ಕಿತ್ತುಕೊಂಡಿದ್ದರಂತೆ. ಟಿವಿಯಲ್ಲಿ ಒಬ್ಬ ಮುದುಕನನ್ನು ತೋರಿಸಿದರು. ಕೊರಳಿಗೆ ಸುತ್ತಿದ ತಂಡದ ಬಣ್ಣದ ಪಟ್ಟಿಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದ.

"ಅಯ್ಯೋ, ಯಾಕಪ್ಪಾ ಅಳ್ತಾರೆ ಪಾಪ?" ಎಂದೆ.

"ಪಾಪ ಅತ್ತಿಗೆ, ನಲವತ್ತು ವರ್ಷದಿಂದ ಅದೇ ಸೀಟಲ್ಲಿ ಕೂರೋರು ಇವ್ರೆಲ್ಲ. ಕ್ಲಬ್ಬು ರೂಲ್ ಬ್ರೇಕ್ ಮಾಡಿ ಜಾಸ್ತಿ ಸ್ಪೆಂಡ್ ಮಾಡ್ಬಿಡ್ತು. ಪಾಯಿಂಟ್ಸ್ ಕಟ್ ಮಾಡಿದ್ರು. ಕೆಳಗಿನ ಲೀಗಿಗೆ ಬಿದ್ರೆ ಟಿವಿ ದುಡ್ಡು ಹೋಯ್ತು. ಆಮೇಲೆ ಮೇಲೆ ಬರೋದು ಕಷ್ಟ."

ಏನು ಆ ರೂಲು ಎಂದು ಕೇಳಿದೆ. ಅವನಿಗೆ ಹೇಳಿಕೊಡುವುದೆಂದರೆ ಇಷ್ಟ.

"ಸಿಂಪಲ್ ಅತ್ತಿಗೆ. ಎಷ್ಟು ಅರ್ನ್ ಮಾಡ್ತೀಯೋ ಅಷ್ಟೇ ಸ್ಪೆಂಡ್ ಮಾಡು. ಹಾಸಿಗೆ ಇದ್ದಷ್ಟು ಕಾಲು ಚಾಚು. ಇಲ್ಲಾಂದ್ರೆ ಯಾವನೋ ಒಬ್ಬ ದುಡ್ಡಿನ ಮೂಟೆ ತಂದು ಸುರಿದು, ಟ್ರೋಫಿ ಎತ್ಕೊಂಡು, ಎರಡು ವರ್ಷಕ್ಕೆ ಕೈ ಕೊಟ್ಟು ಹೋಗ್ತಾನೆ. ಕ್ಲಬ್ಬು ಮುಳುಗತ್ತೆ. ಯುರೋಪಿನಲ್ಲಿ ಎಷ್ಟು ಕಡೆ ಹಂಗಾಗಿದೆ."

ನನಗೆ ಅದು ಸರಿಯೆಂದೇ ತೋರಿತು. ನಿಮ್ಮ ತಾತನ ಸಂಸಾರವನ್ನು ನಾನು ಆ ಗಾದೆಯ ಮೇಲೇ ನಡೆಸಿದ್ದು.

"ಟಿವಿ ದುಡ್ಡು ಅಂದರೇನು?" ಎಂದೆ.

ಹೇಳಿದ. ಆಟ ತೋರಿಸುವುದಕ್ಕೆ ಟಿವಿಯವರು ಲೀಗಿಗೆ ದೊಡ್ಡ ಗಂಟು ಕೊಡುತ್ತಾರೆ. ಅದರಲ್ಲಿ ಒಂದು ಪಾಲು ಎಲ್ಲ ತಂಡಗಳಿಗೂ ಸಮ. ಇನ್ನೊಂದು ಪಾಲು ಮೇಲೆ ನಿಂತವರಿಗೆ ಹೆಚ್ಚು, ಕೆಳಗಿನವರಿಗೆ ಕಡಿಮೆ. ಮತ್ತೊಂದು ಪಾಲು ಯಾರ ಆಟವನ್ನು ಹೆಚ್ಚು ಸಲ ತೋರಿಸಿದರೋ ಅವರಿಗೆ. ಮೊದಲ ನಾಲ್ಕೈದು ತಂಡಗಳು ಇಡೀ ಯುರೋಪಿನ ಪಂದ್ಯಾವಳಿಗೆ ಹೋಗುತ್ತವೆ, ಅಲ್ಲಿ ಇನ್ನೊಂದು ಗಂಟು. ಆಟ ಯಾವ ಹೊತ್ತಿಗೆ ಶುರುವಾಗಬೇಕೆಂಬುದನ್ನೂ ಟಿವಿಯವರೇ ಹೇಳುತ್ತಾರೆ.

ನಾನು ಹುರುಳಿಕಾಯಿ ಕೆಳಗಿಟ್ಟೆ. "ಹಂಗಾದರೆ ಉಂಡು ಹೊಟ್ಟೆ ತುಂಬಿದೋನಿಗೇ ಇನ್ನೆರಡು ಸೌಟು ಬಡಿಸ್ತಾರೆ. ಹಸಿದೋನು ಪಕ್ಕದ ಮನೆಯಿಂದ ತಂದು ಉಂಡರೆ ದಂಡ ಹಾಕ್ತಾರೆ. ಪಂಕ್ತಿಭೇದ ಅಲ್ವೇನೋ ಇದು? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀಯ, ಹಾಸಿಗೆ ಹಂಚಿದೋರು ಯಾರು?"

ಅವನು ನಕ್ಕುಬಿಟ್ಟ. "ಅತ್ತಿಗೆ, ನೀವು ಪೇಪರಿಗೆ ಬರೀಬೇಕು" ಎಂದ. ಇನ್ನೊಂದು ಸಿರಿವಂತ ಕ್ಲಬ್ಬಿನ ಮೇಲೆ ರಾಶಿ ದೂರುಗಳಿವೆಯೆಂದೂ, ವಕೀಲರು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆಂದೂ ಅವನೇ ಹೇಳಿದ. ಅದು ನಿನ್ನ ಜರ್ಸಿಯ ಕ್ಲಬ್ಬೋ ಬೇರೆಯದೋ ನಾನು ಕೇಳಲಿಲ್ಲ ನಂದೀಶ. ನೀನೇ ಕೇಳಿ ತಿಳಿದುಕೋ.

ಇದೆಲ್ಲ ಅವನಿಗೆ ಬರೀ ಟಿವಿಯ ಮಾತಾಗಿರಲಿಲ್ಲ. ಸುತ್ತಲಿನ ನಾಲ್ಕೈದು ರಾಜ್ಯಗಳ ನಮ್ಮ ಕಡೆಯವರು ಸೇರಿ ವರ್ಷಕ್ಕೊಮ್ಮೆ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಾರೆ. ಎಂಟು ತಂಡ. ಮೊದಲ ನಾಲ್ಕು ಸ್ಥಾನದಲ್ಲಿ ನಿಂತವರ ಆಟವನ್ನು ಇಂಟರ್ನೆಟ್ಟಿನ ಒಂದು ಚಾನೆಲ್ಲಿನವರು ವರ್ಷಪೂರ್ತಿ ತೋರಿಸಿ ದುಡ್ಡು ಕೊಡುತ್ತಾರೆ. ಉಳಿದ ನಾಲ್ವರಿಗೆ ಕ್ಯಾಮೆರಾವೂ ಇಲ್ಲ, ದುಡ್ಡೂ ಇಲ್ಲ. ಇದರ ನಿಯಮಗಳ ಸಮಿತಿಗೆ ನಮ್ಮ ಶ್ರೀಪತಿಯೇ ಅಧ್ಯಕ್ಷ. ಯುರೋಪಿನ ಆ ನಿಯಮವನ್ನು ಇಲ್ಲಿಗೂ ತರಬೇಕೆಂದು ಅವನ ಮನೆಯಲ್ಲಿ ಮೂರು ಭಾನುವಾರ ಸಭೆ ನಡೆಯಿತು. ಹನ್ನೊಂದು ಜನ. ಮೂರು ಸಲವೂ ಅಡುಗೆ ನನ್ನದು. ಒಂದು ಸಲ ಬಿಸಿಬೇಳೆಬಾತು, ಒಂದು ಸಲ ವಾಂಗೀಬಾತು, ಒಂದು ಸಲ ಅಕ್ಕಿರೊಟ್ಟಿ.

ಸಮಿತಿಯಲ್ಲಿ ಪ್ರಕಾಶ ಎಂಬವರೊಬ್ಬರಿದ್ದರು. ಕ್ಯಾರಿ ಎಂಬ ಊರಿನವರು, ಮನೆ ಮಾರಿಸುವ ಕಂಪನಿ ಇಟ್ಟುಕೊಂಡಿದ್ದಾರೆ, ಕ್ಯಾರಿ ತಂಡದ ಮುಖ್ಯಸ್ಥರೂ ಅವರೇ. ಬಿಸಿಬೇಳೆಬಾತಿನ ದಿನ ಮೂರನೇ ಸಲ ತಟ್ಟೆ ಮುಂದೆ ಚಾಚಿ ಹೇಳಿದರು: "ಒಂದು ರೂಲ್ ಆ್ಯಡ್ ಮಾಡಿ ಶ್ರೀಪತಿ. ಟೀಮಿಗೆ ಯಾರು ಏನು ಫ್ರೀಯಾಗಿ ಕೊಟ್ರೂ ಮಾರ್ಕೆಟ್ ರೇಟ್ ಹಾಕಿ ಖರ್ಚಿಗೆ ಸೇರಿಸ್ಬೇಕು. ಫ್ರೀ ಅಂತ ಯಾವ್ದೂ ಇಲ್ಲ ಈ ದೇಶದಲ್ಲಿ. ಆಂಟಿ, ಸ್ವಲ್ಪ ತುಪ್ಪ."

ನಾನು ತುಪ್ಪ ಹಾಕಿದೆ. ಶ್ರೀಪತಿ ಬರೆದುಕೊಂಡ. ಹೋಗುವಾಗ ಪ್ರಕಾಶ ಒಂದು ಡಬ್ಬಿ ತುಂಬಿಸಿಕೊಂಡೂ ಹೋದರು.

ಲಾರೆನ್ಸ್‌ವಿಲ್

ಏಪ್ರಿಲ್ಲಿನಲ್ಲಿ ಶ್ರೀಪತಿ ನನ್ನನ್ನು ಜಾರ್ಜಿಯಾದ ವಿಮಾನ ಹತ್ತಿಸಿದ. ಅಲ್ಲಿ ಲಾರೆನ್ಸ್‌ವಿಲ್ಲಿನಲ್ಲಿ ನನ್ನ ತಂಗಿಯ ಮಗಳು ಸುಕನ್ಯಾ ಇದ್ದಾಳೆ. ಬೆನ್ನುನೋವು, ಮಂಡಿನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ. ಅವಳ ಮನೆ ಶ್ರೀಪತಿಯ ಮನೆಯ ಅರ್ಧದಷ್ಟೂ ಇಲ್ಲ, ಆದರೆ ಬೆಚ್ಚಗಿತ್ತು. ಮೊಸರು ತಾನಾಗಿ ಹೆಪ್ಪಾಯಿತು.

ಸುಕನ್ಯಾ ಆ ಊರಿನ ತಂಡದ ಮ್ಯಾನೇಜರು. ತಂಡದ ನಾಯಕ ರಫೀಕ್, ಮೈಸೂರಿನವನು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾನೆ. ತಂಡದಲ್ಲಿ ಅರ್ಧ ಜನ ಅವನ ಕಡೆಯವರು, ಉಳಿದವರು ಮಂಡ್ಯ, ಹಾಸನ, ಬೆಂಗಳೂರು. ಒಬ್ಬ ಶಾಲೆಯ ಬಸ್ಸು ಓಡಿಸುತ್ತಾನೆ. ನಾನು ಹೋದ ವಾರವೇ ರಂಜಾನ್ ಹಬ್ಬ. ರಫೀಕನ ಹೆಂಡತಿ ನಸ್ರೀನ್ ಒಂದು ಸ್ಟೀಲ್ ಪಾತ್ರೆಯ ತುಂಬ ಶೀರ್ ಕುರ್ಮಾ ತಂದುಕೊಟ್ಟಳು. ಹಾಲು, ಶಾವಿಗೆ, ಖರ್ಜೂರ, ದ್ರಾಕ್ಷಿ, ಪಿಸ್ತಾ. ಆ ದೇಶದಲ್ಲಿ ನಾನು ಉಂಡದ್ದರಲ್ಲಿ ಮನೆಯ ರುಚಿ ಇದ್ದದ್ದು ಅದೊಂದೇ.

ಪಾತ್ರೆ ತೊಳೆದಿಟ್ಟೆ. ಬರಿ ಪಾತ್ರೆಯನ್ನು ಹಿಂದಕ್ಕೆ ಕೊಡುತ್ತಾರೆಯೇ? ಭಾನುವಾರ ತಂಡದವರು ಅಭ್ಯಾಸ ಮಾಡುವ ಮೈದಾನಕ್ಕೆ ನಸ್ರೀನ್ ಬರುತ್ತಾಳೆಂದು ಸುಕನ್ಯಾ ಹೇಳಿದಳು. ಪಾತ್ರೆಯ ತುಂಬ ಮೊಸರನ್ನ ಕಲಸಿ, ಶುಂಠಿ, ಕರಿಬೇವು, ಮೆಣಸಿನಕಾಯಿ ಒಗ್ಗರಣೆ ಕೊಟ್ಟು, ದಾಳಿಂಬೆ ಉದುರಿಸಿ ತೆಗೆದುಕೊಂಡು ಹೋದೆ.

ಮೈದಾನದಲ್ಲಿ ಕಂಡದ್ದು ನನಗೆ ಸರಿಬರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮಡಿಸುವ ಕುರ್ಚಿ ತಂದಿದ್ದರು, ಕುರ್ಚಿಯ ಕೈಗೊಂದು ಲೋಟ ಇಡುವ ತೂತು. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಡಬ್ಬಿ ಬಿಚ್ಚಿ, ಪಕ್ಕದವನ ಮುಖ ನೋಡದೆ, ತಣ್ಣನೆಯ ಬ್ರೆಡ್ಡು ತಿಂದರು. ಬಸ್ಸು ಓಡಿಸುವವನ ಹತ್ತಿರ ಚಿಪ್ಸಿನ ಪೊಟ್ಟಣ ಬಿಟ್ಟು ಏನೂ ಇರಲಿಲ್ಲ. ನಸ್ರೀನ್ ನನ್ನ ಮೊಸರನ್ನವನ್ನು ಎಲ್ಲರಿಗೂ ಒಂದೊಂದು ಚಮಚ ಹಂಚಿದಳು. ರಫೀಕ್ ಪಾತ್ರೆಯ ತಳವನ್ನು ಬೆರಳಿಂದ ಸವರಿ ತಿಂದು, "ಅಮ್ಮ, ಮುಂದಿನ ಸಂಡೇನೂ ಬರ್ತೀರಾ? ನಾನ್ ಕೇಳಿದ್ದು ನೀವು ಬರ್ತೀರಾ ಅಂತ, ಮೊಸರನ್ನ ಅಲ್ಲ" ಎಂದ. "ಸುಳ್ಳು ಅಮ್ಮ, ಮೊಸರನ್ನನೇ ಕೇಳ್ತಿರೋದು" ಎಂದಳು ನಸ್ರೀನ್.

ಮುಂದಿನ ಭಾನುವಾರ ಅವಳು ಪಾತ್ರೆಯಲ್ಲಿ ಸಮೋಸ ತಂದಳು. ಹಾಗಾಗಿ ನಾನು ಮತ್ತೆ ಏನಾದರೂ ಒಯ್ಯಲೇಬೇಕಾಯಿತು. ಏಳು ಭಾನುವಾರ ಆ ಪಾತ್ರೆ ಹೀಗೆ ಓಡಾಡಿತು, ಅದರ ಹಿಂದೆ ಸುಕನ್ಯಾಳ ದೊಡ್ಡ ಪಾತ್ರೆಗಳೂ ಓಡಾಡಿದವು. ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಕೂರಿಸಿ ಬಡಿಸಿದೆ. ಮಕ್ಕಳು ಮರಿ ಸೇರಿ ಇಪ್ಪತ್ತೆರಡು ಜನ. ನಿಮ್ಮ ತಾತ ಹೋದ ಮೇಲೆ ಮೊದಲ ಸಲ ನನಗೆ ಹಸಿವಾಯಿತು.

ರಫೀಕ್ ಆ ತಂಡ ಕಟ್ಟಿದ ಕಥೆ ಒಂದು ದಿನ ಹೇಳಿದ. "ಕೋವಿಡ್ ಟೈಮಲ್ಲಿ ಇಲ್ಲಿ ಒಬ್ರ ಮುಖ ಒಬ್ರು ನೋಡಿಲ್ಲ ಅಮ್ಮ. ನಮ್ಮಪ್ಪ ಮೈಸೂರಲ್ಲಿ ಹೋಗ್ಬಿಟ್ರು, ಫೋನಲ್ಲೇ ಮಣ್ಣು ಮಾಡಿದ್ದು ನೋಡ್ದೆ. ಹುಚ್ಚು ಹಿಡಿಯೋ ಹಂಗಾಗಿತ್ತು. ಆಮೇಲೆ ನಾಲ್ಕು ಜನ ಸೇರಿ ಬಾಲ್ ಒದೆಯೋಕೆ ಶುರು ಮಾಡಿದ್ವಿ. ಈಗ ಗ್ರೌಂಡ್ ರೆಂಟು ಜಾಸ್ತಿ ಆಗಿದೆ. ಟಾಪ್ ಫೋರಲ್ಲಿ ಇದ್ರೆ ಚಾನೆಲ್ ದುಡ್ಡಲ್ಲಿ ನಡೆಯತ್ತೆ. ಬಿದ್ರೆ ಟೀಮ್ ಕ್ಲೋಸ್."

ಅವರ ಜರ್ಸಿ ಹಳೆಯವು. ಬೆನ್ನಿನ ಅಂಕಿ ಕಿತ್ತುಹೋದಲ್ಲಿ ಟೇಪು ಅಂಟಿಸಿಕೊಂಡಿದ್ದರು.

ಕ್ಯಾರಿ, ಶನಿವಾರ

ಮೇ ತಿಂಗಳ ಕೊನೆಯ ರಜೆಯಲ್ಲಿ ಮೂರು ದಿನದ ಪಂದ್ಯಾವಳಿ, ಕ್ಯಾರಿಯಲ್ಲಿ. ಲಾರೆನ್ಸ್‌ವಿಲ್ಲಿನಿಂದ ಆರು ಗಂಟೆಗೂ ಮೀರಿದ ದಾರಿ. ಸೌತ್ ಕೆರೊಲಿನಾದ ಒಂದು ಪೆಟ್ರೋಲ್ ಬಂಕಿನಲ್ಲಿ ನಾನು ಒಳಗೆ ಹೋಗುವಾಗ, ಬಾಗಿಲ ಹತ್ತಿರವಿದ್ದ ಆಜಾನುಬಾಹು ಒಬ್ಬ ಬಾಗಿಲು ಹಿಡಿದು, ಟೊಪ್ಪಿ ತೆಗೆದು, ನಾನು ದಾಟುವವರೆಗೆ ನಿಂತ. ನಾನು ದಾಟಲು ನಾಚಿಕೊಂಡು ಹೊರಗೇ ನಿಂತೆ. ಅವನೂ ನಿಂತ. ಕೊನೆಗೆ ಸುಕನ್ಯಾ, "ದೊಡ್ಡಮ್ಮ, ಹೋಗಿ! ಇಲ್ಲಾಂದ್ರೆ ಸಂಜೆವರೆಗೂ ಹಿಡ್ಕೊಂಡೇ ಇರ್ತಾರೆ" ಎಂದು ತಳ್ಳಿದಳು.

ಕ್ಯಾರಿ ಚೊಕ್ಕಟವಾದ ಊರು. ಮನೆಗಳೆಲ್ಲ ಒಂದೇ ಅಚ್ಚಿನವು, ಹುಲ್ಲನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದ್ದರು. ಪ್ರಕಾಶರ ತಂಡ ಹೊಸ ಬಸ್ಸಿನಲ್ಲಿ ಇಳಿಯಿತು. ಅವರ ಅಂಗಿಯ ಎದೆಯ ಮೇಲೆ ಪ್ರಕಾಶರದೇ ಕಂಪನಿಯ ಹೆಸರು. ಕಂಪನಿ ಆ ಜಾಹೀರಾತಿಗೆಂದು ತಂಡಕ್ಕೆ ಕೈತುಂಬ ದುಡ್ಡು ಕೊಟ್ಟಿದೆ, ಅದು ತಂಡದ ಗಳಿಕೆ, ಗಳಿಸಿದ್ದರಿಂದ ಖರ್ಚು ಮಾಡಬಹುದು ಎಂದು ಸುಕನ್ಯಾ ವಿವರಿಸಿದಳು. ಆ ದುಡ್ಡಿನಲ್ಲಿ ಮೂವರು ಕಾಲೇಜು ಹುಡುಗರನ್ನು ಆಡಲು ಕರೆತಂದಿದ್ದರು. ಬಲಗೈಯಿಂದ ತೆಗೆದು ಎಡಗೈಗೆ ಕೊಟ್ಟು, ಎಡಗೈ ದುಡಿಯಿತು ಎಂದ ಹಾಗೆ.

ಕ್ಯಾರಿಯ ಆಟ ಮೊದಲನೇ ಮೈದಾನದಲ್ಲಿ, ಮೂರು ಕ್ಯಾಮೆರಾ. ನಮ್ಮದು ಬೆಳಗ್ಗೆ ಏಳೂವರೆಗೆ, ಶೌಚಾಲಯದ ಪಕ್ಕದ ಮೂರನೇ ಮೈದಾನದಲ್ಲಿ. ಆದರೂ ಮೊದಲ ಎರಡು ಪಂದ್ಯ ಗೆದ್ದರು. ಯಾರೂ ನೆನೆಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಾನೆಲ್ಲಿನ ಹುಡುಗಿಯೊಬ್ಬಳು ಮೈಕು ಹಿಡಿದು ನಮ್ಮ ಚಾಪೆಯ ಹತ್ತಿರ ಬಂದಳು. ಅಲ್ಲೇ ಹುಟ್ಟಿ ಬೆಳೆದವಳು, ಮುದ್ದಾದ ಕನ್ನಡ.

"ಹಾಯ್ ಆಂಟಿ! ನೀವು ಟೀಮ್‌ಗೆ ಕುಕ್ ಮಾಡೋದಾ? ಎವ್ರಿ ಸಂಡೇ?"

ನಾನು ಸೆರಗು ಬಾಯಿಗೆ ಹಿಡಿದೆ. ನಸ್ರೀನ್ ಹಿಂದಿನಿಂದ ತಿವಿದಳು. "ಹೇಳಿ ಅಮ್ಮ, ಹೇಳಿ."

"ಹೌದು ತಾಯಿ. ಏಳು ಭಾನುವಾರ. ಇವತ್ತಿಂದು ಎಂಟು."

"ವಾವ್! ಯಾರು ಪೇ ಮಾಡ್ತಾರೆ?"

"ಯಾರು ಯಾಕೆ ಕೊಡ್ಬೇಕು? ಇವೆಲ್ಲ ನನ್ನ ಮಕ್ಕಳೇ."

"ಸೋ ಸ್ವೀಟ್! ಹೌ ಮೆನಿ ಪೀಪಲ್? ಎಷ್ಟು ಜನ?"

ಮಕ್ಕಳೇ, ಉಂಡವರ ತಲೆ ಎಣಿಸಬಾರದು. ಎಣಿಸಿದರೆ ಅನ್ನ ಹಿಂದೆ ಸರಿಯುತ್ತದೆ ಎನ್ನುತ್ತಿದ್ದರು ನಮ್ಮತ್ತೆ. ಯಾರಾದರೂ ಕೇಳಿದರೆ, ಅಡುಗೆ ಬೆಳೆಯಲಿ ಎಂದು ಒಂದಕ್ಕೆ ಮೂರರಂತೆ ಹೇಳುವುದು ನಮ್ಮ ಮನೆಯ ಪದ್ಧತಿ. ಶಾಲೆಯ ಬಿಸಿಯೂಟದ ರಿಜಿಸ್ಟರಿನಲ್ಲಿ ಹತ್ತೊಂಬತ್ತು ವರ್ಷದಲ್ಲಿ ಒಂದು ತಲೆಯನ್ನೂ ನಾನು ಹೆಚ್ಚು ಬರೆಸಿದವಳಲ್ಲ. ಆದರೆ ಅದು ಸರ್ಕಾರದ ಅನ್ನ, ಇದು ಮನೆಯ ಅನ್ನ.

"ಅರವತ್ತು ಜನ ಉಣ್ತಾರೆ ತಾಯಿ" ಎಂದೆ. ನಕ್ಕೆ ಕೂಡ. ಕ್ಯಾಮೆರಾದ ಮುಂದೆ, ಜೀವಮಾನದಲ್ಲಿ ಮೊದಲ ಸಲ, ಹಲ್ಲು ಕಾಣುವ ಹಾಗೆ.

ಕ್ಯಾರಿ, ಸೋಮವಾರ

ಏಳು ಪಂದ್ಯದಲ್ಲಿ ನಾಲ್ಕು ಗೆದ್ದು, ಒಂದು ಸಮ ಮಾಡಿಕೊಂಡು, ಹದಿಮೂರು ಅಂಕದೊಂದಿಗೆ ನಮ್ಮವರು ಮೂರನೇ ಸ್ಥಾನದಲ್ಲಿ ನಿಂತರು. ರಫೀಕ್ ಮೈದಾನದಲ್ಲಿ ಮಲಗಿ ಆಕಾಶ ನೋಡುತ್ತಾ ನಗುತ್ತಿದ್ದ. ಮೈದಾನ ಉಳಿಯಿತು ಎಂದು ಸುಕನ್ಯಾ ನನ್ನನ್ನು ತಬ್ಬಿಕೊಂಡಳು. ಅರ್ಧ ಗಂಟೆಯೊಳಗೆ, ನಿಯಮ ಮುರಿದಿರುವ ದೂರು ಬಂದಿದೆ, ಮೈದಾನದ ಪಕ್ಕದ ಶಾಲೆಯ ಊಟದ ಹಾಲಿಗೆ ಬನ್ನಿ ಎಂದು ಕರೆದರು. ದೂರು ಕೊಟ್ಟವರು ಪ್ರಕಾಶ.

ಹಾಲಿನಲ್ಲಿ ಸಮಿತಿಯ ಹನ್ನೊಂದೂ ಜನ ಉದ್ದ ಮೇಜಿನ ಹಿಂದೆ ಕೂತಿದ್ದರು. ಮಧ್ಯದಲ್ಲಿ ಶ್ರೀಪತಿ. ಕ್ಯಾಮೆರಾದವರೂ ಬಂದಿದ್ದರು. ಪ್ರಕಾಶ ಅವರತ್ತ ಕೈಯಾಡಿಸಿ, "ಇದು ಇಂಟರ್ನಲ್ ಮ್ಯಾಟರ್, ಆಫ್ ಮಾಡಿ" ಎಂದರು. ಕ್ಯಾಮೆರಾದವರು ಆಫ್ ಮಾಡಿ ಹೊರಗೆ ಹೋದರು.

ಆಮೇಲೆ ಗೋಡೆಯ ಮೇಲೆ ನನ್ನ ಮುಖ ಬಂತು. ಬಾಗಿಲಿನಷ್ಟು ದೊಡ್ಡದು. "ಅರವತ್ತು ಜನ ಉಣ್ತಾರೆ ತಾಯಿ." ನನ್ನದೇ ನಗು. ಅರವತ್ತು ಜನ, ಎಂಟು ಊಟ, ಹೋಟೆಲಿನಲ್ಲಿ ಒಂದು ತಟ್ಟೆಗೆ ಹನ್ನೆರಡು ಡಾಲರ್. ಗುಣಿಸಿ ಪಕ್ಕದಲ್ಲಿ ಬರೆದಿದ್ದರು. ಆ ಮೊತ್ತ ಸೇರಿಸಿದರೆ ಲಾರೆನ್ಸ್‌ವಿಲ್ ತಂಡದ ಖರ್ಚು ಗಳಿಕೆಯನ್ನು ಮೀರುತ್ತದೆ. ದಂಡ ಆರು ಅಂಕ.

"ಸರ್, ಇಪ್ಪತ್ತೆರಡು ಜನ ಸರ್!" ಎಂದು ಸುಕನ್ಯಾ ಎದ್ದಳು. "ಆ ರೇಟಲ್ಲೇ ಲೆಕ್ಕ ಹಾಕಿ, ಇಪ್ಪತ್ತೆರಡಾದ್ರೆ ನಾವು ಲಿಮಿಟ್ ಒಳಗೇ ಇದೀವಿ!"

"ಆಂಟಿನೇ ಹೇಳಿದಾರಲ್ಲಮ್ಮ, ಸಿಕ್ಸ್ಟಿ ಅಂತ. ನಾವೇನ್ ಕಲ್ಪನೆ ಮಾಡಿಲ್ಲ" ಎಂದರು ಪ್ರಕಾಶ.

ರಫೀಕ್ ತಲೆ ತಗ್ಗಿಸಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ನೋವಾಗಬಾರದೆಂದು ನೋಡಲಿಲ್ಲ, ಅದು ನನಗೆ ಗೊತ್ತಾಯಿತು. ಅದೇ ನನ್ನನ್ನು ಎಬ್ಬಿಸಿದ್ದು.

ಎದ್ದೆ. ಮುಂದಿನ ಕುರ್ಚಿ ಹಿಡಿದುಕೊಂಡೆ. "ನಾನು ಸುಳ್ಳು ಹೇಳಿದೆ" ಎಂದೆ. "ಉಂಡದ್ದು ಇಪ್ಪತ್ತೆರಡೇ ಜನ. ಉಂಡೋರ ತಲೆ ಎಣಿಸಬಾರದು ಅಂತ ನಮ್ಮಲ್ಲಿ. ನಿಮ್ಮ ಮನೆಗಳಲ್ಲೂ ನಿಮ್ಮಮ್ಮಂದಿರು ಹಂಗೇ ಹೇಳಿರ್ತಾರೆ."

"ಆಂಟಿ, ಸೆಂಟಿಮೆಂಟ್ ಅರ್ಥ ಆಗತ್ತೆ" ಎಂದರು ಪ್ರಕಾಶ. "ಬಟ್ ವಿಡಿಯೋದಲ್ಲಿರೋದು ರೆಕಾರ್ಡು. ಈಗ ಹೇಳೋದು ನಿಮ್ಮ ಒಪೀನಿಯನ್ನು."

ಆಗ ನನ್ನ ಗಂಟಲು ಬಿಟ್ಟಿತು. ಹೇಗೆ ಬಿಟ್ಟಿತೋ ತಿಳಿಯದು.

"ಸರಿ. ನನ್ನ ಅಡುಗೆಗೆ ಹನ್ನೆರಡು ಡಾಲರ್ ಅಂತ ಬೆಲೆ ಕಟ್ಟಿದೀರಿ. ನನಗೆ ಅಷ್ಟೊಂದು ಬೆಲೆ ಇದೆ ಅಂತ ಗೊತ್ತಿರಲಿಲ್ಲ. ಹಂಗಾದರೆ ಬರ್ಕೊಳ್ಳಿ. ಸ್ಟರ್ಲಿಂಗಿನಲ್ಲಿ ಮೂರು ಭಾನುವಾರ ಈ ಮೇಜಿನ ಹಿಂದೆ ಕೂತಿರೋ ಹನ್ನೊಂದು ಜನಕ್ಕೂ ನಾನೇ ಬಡಿಸಿದ್ದು. ಪ್ರಕಾಶಪ್ಪ, ನೀವು ಬಿಸಿಬೇಳೆಬಾತು ಮೂರು ಸಲ ಹಾಕಿಸ್ಕೊಂಡ್ರಿ. ಎಣಿಸಬಾರದಿತ್ತು, ನೀವು ಎಣಿಸಿದಿರಿ, ಅದಕ್ಕೆ ನಾನೂ ಎಣಿಸ್ತಾ ಇದೀನಿ. ತುಪ್ಪ ಬೇರೆ. ಡಬ್ಬಿ ಬೇರೆ. ಫ್ರೀ ಅಂತ ಯಾವುದೂ ಇಲ್ಲ ಅಂತ ನೀವೇ ಹೇಳಿದ್ರಿ, ಬಾಯಲ್ಲಿ ನನ್ನ ಅನ್ನ ಇಟ್ಕೊಂಡು. ಅದನ್ನ ಕ್ಯಾರಿ ತಂಡದ ಖರ್ಚಿಗೆ ಸೇರಿಸ್ತೀರೋ, ಸಮಿತಿ ಖರ್ಚಿಗೋ?"

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ನಿಲ್ಲಿಸಲಿಲ್ಲ.

"ಇವರ ತಂಡಕ್ಕೆ ಅಂಗಿ ಕೊಟ್ಟೋರು ಯಾರು? ಇವರೇ. ದುಡ್ಡು ಕೊಟ್ಟೋರು ಯಾರು? ಇವರೇ. ಅದು ಗಳಿಕೆ. ಈ ಹುಡುಗರಿಗೆ ಒಬ್ಬಳು ಮುದುಕಿ ಮೊಸರನ್ನ ಹಾಕಿದ್ಲು, ಅದು ತಪ್ಪು."

ಶ್ರೀಪತಿ ಕಾಗದ ನೋಡುತ್ತಲೇ ಹೇಳಿದ. "ಅತ್ತಿಗೆ, ಅದಕ್ಕೆ ಇನ್ವಾಯ್ಸ್ ಇದೆ. ಪೇಪರ್ ಕರೆಕ್ಟಾಗಿದೆ."

"ಹಂಗಾದರೆ ನನ್ನ ತಪ್ಪು ಅದೇ ಅನ್ನು. ನಾನು ಬಡಿಸೋವಾಗ ಬಿಲ್ಲು ಕೊಡಲಿಲ್ಲ" ಎಂದೆ.

ಅವನು ಎಂಟು ವರ್ಷದವನಿದ್ದಾಗಿನಿಂದ ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ಆ ಅನ್ನವನ್ನೂ ಎಣಿಸಿದ್ದರೆ, ನನಗೂ ಪ್ರಕಾಶನಿಗೂ ಏನು ವ್ಯತ್ಯಾಸ? ಕೂತೆ.

ಆಮೇಲೆ ಏನಾಯಿತು ಗೊತ್ತೇ? ಚಪ್ಪಾಳೆ ತಟ್ಟಿದರು. ಸಮಿತಿಯವರೂ ತಟ್ಟಿದರು. ಪ್ರಕಾಶನೇ ಮೊದಲು. "ಆಂಟಿ ರಾಕ್ಸ್!" ಎಂದ. ಬಂದು ನನ್ನ ಪಕ್ಕ ನಿಂತು ಫೋನಿನಲ್ಲಿ ಫೋಟೋ ತೆಗೆಸಿಕೊಂಡ. ಆಮೇಲೆ ಎಲ್ಲರೂ ತಮ್ಮ ಜಾಗದಲ್ಲಿ ಕೂತರು, ಕೈಯೆತ್ತಿದರು, ಆರು ಅಂಕ ಕಳೆದರು. ಓದಿದವನು ಶ್ರೀಪತಿ. ಹದಿಮೂರು ಏಳಾಯಿತು, ಮೂರನೇ ಸ್ಥಾನ ಆರನೆಯದಾಯಿತು. ಟಿವಿಯಲ್ಲಿ ಅಳುತ್ತಿದ್ದ ಪರದೇಶದ ಮುದುಕನಿಗೆ "ಪಾಪ" ಎಂದವನು, ಮೂರು ಮಾರು ದೂರದಲ್ಲಿ ತಲೆ ತಗ್ಗಿಸಿ ಕೂತಿದ್ದ ರಫೀಕನಿಗೆ ಒಂದು ಪಾಪ ಅನ್ನಲಿಲ್ಲ.

ಬೈದಿದ್ದರೆ ಸಹಿಸುತ್ತಿದ್ದೆ. ಆ ಚಪ್ಪಾಳೆಯನ್ನು ಇವತ್ತಿಗೂ ಸಹಿಸಲಾಗುತ್ತಿಲ್ಲ.

ಹೊರಗೆ ಕಾರಿನ ಹತ್ತಿರ ನಾನು ರಫೀಕನ ಕೈ ಹಿಡಿದು ತಪ್ಪಾಯಿತು ಎಂದೆ. "ಏನ್ ತಪ್ಪಮ್ಮ? ಅರವತ್ತು ಜನರ ಊಟ ಇಪ್ಪತ್ತೆರಡೇ ಜನ ತಿಂದಿದೀವಿ, ಅದೇ ನಮ್ಮ ತಪ್ಪು" ಎಂದು ನಗಲು ನೋಡಿದ. ನಸ್ರೀನ್ ಹತ್ತಿರ ಬಂದಳು. ಆ ಸ್ಟೀಲ್ ಪಾತ್ರೆಯನ್ನು ನನ್ನ ಕೈಗಿಟ್ಟಳು. ಒಳಗೆ ಖರ್ಜೂರ ತುಂಬಿತ್ತು.

ಮತ್ತೆ ಸ್ಟರ್ಲಿಂಗ್

ಕ್ಯಾರಿಯಿಂದ ಶ್ರೀಪತಿಯ ಕಾರಿನಲ್ಲೇ ಹೊರಟೆ, ಮೂರು ದಿನದಲ್ಲಿ ನನ್ನ ವಿಮಾನವಿತ್ತು. ಮುಕ್ಕಾಲು ದಾರಿ ಕಳೆಯಿತು.

"ಅತ್ತಿಗೆ, ಸಿಟ್ಟಾ?" ಎಂದ ಕೊನೆಗೆ.

"ಹೌದು" ಎಂದೆ. ಮೈದುನನಿಗಾಗಲಿ, ನಿಮ್ಮ ತಾತನಿಗಾಗಲಿ ಆ ಪ್ರಶ್ನೆಗೆ ನಾನು ಯಾವತ್ತೂ ಹೌದು ಎಂದವಳಲ್ಲ.

"ರೂಲ್ ಹೆಂಗ್ ಮುರೀಲಿ? ನಾನೇ ಬರ್ದಿದ್ದು."

"ನೀನು ಬರೆದಿದ್ದಲ್ಲ. ಪ್ರಕಾಶ ಹೇಳಿದ, ನೀನು ಬರ್ಕೊಂಡೆ. ನಾನು ತುಪ್ಪ ಬಡಿಸ್ತಾ ಇದ್ದೆ, ನೋಡಿದೀನಿ."

ಆ ಮೂರು ದಿನ ಅವನ ಮನೆಯಲ್ಲಿ ನಾನು ಸೌಟು ಮುಟ್ಟಲಿಲ್ಲ. ಗಿರಿಜೆ ಮಾಡಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು ಎದ್ದೆ. ವಿಮಾನ ನಿಲ್ದಾಣದಲ್ಲಿ ಅವನು ಕಾಲಿಗೆ ಬಿದ್ದ. ತಲೆ ಮುಟ್ಟಿ ಆಶೀರ್ವಾದ ಮಾಡಿದೆ, ಮಾಡದಿರಲು ಕೈ ಬರಲಿಲ್ಲ. ಸಿಟ್ಟು ಮಾತ್ರ ಹಾಗೆಯೇ ಇದೆ.

ಆ ಸಣ್ಣ ಊರಿನ ಕ್ಲಬ್ಬೂ ಕೊನೆಗೆ ಕೆಳಗೆ ಬಿದ್ದಿತಂತೆ. ಲಾರೆನ್ಸ್‌ವಿಲ್ಲಿನ ಮೈದಾನವನ್ನು ಬೇರೆಯವರಿಗೆ ಕೊಟ್ಟರೆಂದು ಸುಕನ್ಯಾ ಹೋದ ತಿಂಗಳು ಫೋನು ಮಾಡಿದಳು. "ಟೀಮ್ ಇಲ್ಲ ದೊಡ್ಡಮ್ಮ. ಸಂಡೇ ಈಗ ಎಲ್ರೂ ಅವರವರ ಮನೇಲೇ." ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಮುಚ್ಚಳ ನೆಗ್ಗಿದ ಒಂದು ಸ್ಟೀಲ್ ಪಾತ್ರೆ ಇದೆಯಲ್ಲ, ಅದರಲ್ಲಿ ಯಾಕೆ ಏನೂ ಹಾಕಿಡುವುದಿಲ್ಲ ಎಂದು ಚಿನ್ಮಯಿ ಕೇಳಿದ್ದಳು. ಅದು ನಸ್ರೀನಳದು. ಈಗ ತುಂಬಿ ಕೊಡುವ ಸರದಿ ನಮ್ಮದು. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಬರಿದಾಗಿ ಒಯ್ಯಬೇಡಿ.

ನಂದೀಶ, ನೀನು ಫೋನಿನಲ್ಲಿ ಹುಡುಕಿದರೆ ಆ ಶನಿವಾರದ ವಿಡಿಯೋ ಸಿಗುತ್ತದೆ. ಬೇಕಾದಷ್ಟು ಜನ ನೋಡಿದ್ದಾರಂತೆ. "ಅರವತ್ತು ಜನ" ಎಂದು ಹಲ್ಲು ಬಿಟ್ಟು ನಗುತ್ತಿರುವವಳು ನಿನ್ನ ಅಜ್ಜಿಯೇ. ಪ್ರಕಾಶ ತೆಗೆಸಿಕೊಂಡ ಫೋಟೋ ಸಿಕ್ಕಿದರೂ ಸಿಕ್ಕೀತು. ಆದರೆ ಸೋಮವಾರ ಕುರ್ಚಿ ಹಿಡಿದು ನಿಂತು ಮಾತಾಡಿದವಳು ಎಲ್ಲಿಯೂ ಸಿಗುವುದಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಕ್ಯಾಮೆರಾ ಆಫ್ ಮಾಡಿಸಿದ್ದರು. ಅವಳಿರುವುದು ಈ ಹಾಳೆಗಳಲ್ಲಿ ಮಾತ್ರ. ಇವನ್ನು ಜೋಪಾನವಾಗಿಡಿ, ಮಕ್ಕಳೇ.